ಕ್ಯಾನ್ಸರ್ ಕೊಲ್ಲುವ ವೈರಸ್ಸು ಮತ್ತು ರೋಗಿಗೆ ಸಲ್ಲಬೇಕಾದ ಸತ್ಯ

ಕಳೆದ ತಿಂಗಳ ಒಂದು ಭಾನುವಾರ ಬಲಿಪೂಜೆ ಮುಗಿಸಿ ಹೊರಬಂದಾಗ ನಮ್ಮ ಧರ್ಮಕೇಂದ್ರದ ಯುವಕನೊಬ್ಬ ಬಾಗಿಲ ಬಳಿ ನಮಗಾಗಿ ಕಾದು ನಿಂತಿದ್ದನು. ಆತನ ತಂದೆಗೆ ದೊಡ್ಡ ಕರುಳಿನ ಕ್ಯಾನ್ಸರ್. ಶಸ್ತ್ರಚಿಕಿತ್ಸೆಯಾಗಿ ವರ್ಷ ತುಂಬುವುದರೊಳಗೆ ರೋಗ ಯಕೃತ್ತಿಗೂ ಹರಡಿತ್ತು. ಯುವಕನ ಕೈಯಲ್ಲಿ ಮಡಿಸಿದ ಪತ್ರಿಕೆಯ ಹಾಳೆಯೊಂದಿತ್ತು. ಕ್ಯಾನ್ಸರನ್ನೇ ಹುಡುಕಿ ತಿನ್ನುವ ವೈರಸ್ಸನ್ನು ವಿಜ್ಞಾನಿಗಳು ಸಿದ್ಧಪಡಿಸಿದ್ದಾರೆಂಬ ಸುದ್ದಿ ಅದರಲ್ಲಿತ್ತು. ಆತ ಎರಡು ಮಾತು ಕೇಳಿದನು. ಮೊದಲನೆಯದು: “ಸ್ವಾಮೀ, ಇದು ಎಲ್ಲಿ ಸಿಗುತ್ತದೆ? ಜಮೀನು ಮಾರಿಯಾದರೂ ಕೊಡಿಸುತ್ತೇನೆ.” ಎರಡನೆಯದು: “ಮನೆಗೆ ಬಂದಾಗ ಅಪ್ಪನ ಮುಂದೆ ಕ್ಯಾನ್ಸರ್ ಎಂಬ ಮಾತು ಮಾತ್ರ ಆಡಬೇಡಿ ಸ್ವಾಮೀ. ಅವರಿಗೆ ಕರುಳಿನಲ್ಲಿ ಹುಣ್ಣು ಎಂದಷ್ಟೇ ಹೇಳಿದ್ದೇವೆ.”

ಈ ಎರಡು ಮಾತುಗಳನ್ನು ಆತ ಬೇರೆ ಬೇರೆಯೆಂದು ಭಾವಿಸಿದ್ದನು. ಯೋಚಿಸಿದಷ್ಟೂ ನಮಗೆ ಅವೆರಡೂ ಒಂದೇ ಪ್ರಶ್ನೆಯ ಎರಡು ಮುಖಗಳಾಗಿ ಕಂಡವು. ಇಂತಹ ಪ್ರಶ್ನೆ ಇಂದು ಅನೇಕ ಮನೆಗಳಲ್ಲಿ ಇರುವುದರಿಂದ ಈ ವಾರ ಅದನ್ನೇ ವಾಚಕರ ಮುಂದಿಡುತ್ತಿದ್ದೇವೆ. ನಾವು ವೈದ್ಯರಲ್ಲ. ಬಲ್ಲವರನ್ನು ಕೇಳಿ, ಓದಿ ತಿಳಿದುಕೊಂಡದ್ದನ್ನು ಮೊದಲು ಹೇಳಿ, ಅನಂತರ ನಮ್ಮ ಅಭಿಪ್ರಾಯಕ್ಕೆ ಬರುತ್ತೇವೆ.

ವೈರಸ್ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು 2020 ಮತ್ತು 2021ರ ದಿನಗಳು. ಮುಖ ನೋಡಲೂ ಆಗದೆ ಮಣ್ಣಿಗೊಪ್ಪಿಸಿದ ನಮ್ಮವರು. ಅಂತಹ ವೈರಸ್ಸನ್ನು ಬೇಕೆಂದೇ ರೋಗಿಯ ರಕ್ತಕ್ಕೆ ಸೇರಿಸುವುದೆಂದರೆ ಯಾರಿಗಾದರೂ ಅಳುಕು ಸಹಜ. ಆದರೆ ಈ ವಿಚಾರ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ರಕ್ತದ ಕ್ಯಾನ್ಸರ್ ಇದ್ದ ಮಹಿಳೆಯೊಬ್ಬರಿಗೆ ಇನ್‌ಫ್ಲುಯೆಂಜಾ ಜ್ವರ ಬಂದ ಬಳಿಕ ಅವರ ರಕ್ತದಲ್ಲಿ ಮಿತಿಮೀರಿ ಹೆಚ್ಚಿದ್ದ ಬಿಳಿಯ ಕಣಗಳು ಕೆಲಕಾಲ ತಗ್ಗಿದುದನ್ನು ಅಮೆರಿಕದ ವೈದ್ಯ ಜಾರ್ಜ್ ಡಾಕ್ 1904ರಲ್ಲೇ ಬರೆದಿಟ್ಟರು. 1991ರಲ್ಲಿ ರಾಬರ್ಟ್ ಮಾರ್ಟುಜಾ ಮತ್ತು ಅವರ ಸಂಗಡಿಗರು ಹರ್ಪಿಸ್ ವೈರಸ್ಸಿನಿಂದ ಒಂದು ವಂಶವಾಹಿಯನ್ನು ತೆಗೆದುಹಾಕಿ, ಅದು ಇಲಿಗಳಲ್ಲಿ ಬೆಳೆಸಿದ ಮಿದುಳಿನ ಗಡ್ಡೆಯನ್ನು ನಾಶಮಾಡಬಲ್ಲದೆಂದು ತೋರಿಸಿದರು. 2015ರಲ್ಲಿ ಮೆಲನೋಮ ಎಂಬ ಚರ್ಮದ ಕ್ಯಾನ್ಸರಿಗೆ ಅಂತಹ ಮಾರ್ಪಡಿಸಿದ ಹರ್ಪಿಸ್ ವೈರಸ್ಸೊಂದನ್ನು ಔಷಧವಾಗಿ ಬಳಸಲು ಅಮೆರಿಕದಲ್ಲಿ ಅನುಮತಿ ದೊರೆಯಿತು.

ಕರುಳಿನ ಕ್ಯಾನ್ಸರಿನ ವಿಷಯದಲ್ಲಿ ಹೆಚ್ಚಿನ ಪ್ರಯತ್ನ ನಡೆದ ವೈರಸ್ಸುಗಳಲ್ಲಿ ಒಂದು ನಮಗೆ ಹಳೆಯ ಪರಿಚಯದ್ದು. ಐವತ್ತು ದಾಟಿದ ವಾಚಕರು ತಮ್ಮ ತೋಳನ್ನು ನೋಡಿಕೊಂಡರೆ, ಚಿಕ್ಕಂದಿನಲ್ಲಿ ದೇವಿ ಹಾಕಿಸಿದ ಗುರುತು ಕಾಣುತ್ತದೆ. ಸಿಡುಬನ್ನು ಈ ಲೋಕದಿಂದ ಓಡಿಸಿದ ಆ ಲಸಿಕೆಯಲ್ಲಿದ್ದುದು ವ್ಯಾಕ್ಸಿನಿಯಾ ಎಂಬ ಜೀವಂತ ವೈರಸ್. ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದ ವಿಜ್ಞಾನಿಗಳು ಇದೇ ವೈರಸ್ಸನ್ನು ಕ್ಯಾನ್ಸರಿನ ವಿರುದ್ಧ ತಿರುಗಿಸಲು ಯತ್ನಿಸಿದರು.

ಅವರು ಮಾಡಿದ್ದಿಷ್ಟು. ವೈರಸ್ಸು ಯಾವುದೇ ಜೀವಕೋಶವನ್ನು ಹೊಕ್ಕು ಅಲ್ಲಿ ತನ್ನ ಸಂತತಿಯನ್ನು ಬೆಳೆಸಬೇಕಾದರೆ ಅದಕ್ಕೆ ಡಿಎನ್‌ಎ ಕಟ್ಟುವ ಸಾಮಗ್ರಿ ಬೇಕು. ಆ ಸಾಮಗ್ರಿಯನ್ನು ಸಿದ್ಧಪಡಿಸುವ ವಂಶವಾಹಿಗಳನ್ನು ವ್ಯಾಕ್ಸಿನಿಯಾ, ದಾರಿಹೋಕನು ಬುತ್ತಿ ಕಟ್ಟಿಕೊಂಡಂತೆ, ತನ್ನೊಡನೆಯೇ ತರುತ್ತದೆ. ವಿಜ್ಞಾನಿಗಳು ಈ ಬುತ್ತಿಯನ್ನು ಕಿತ್ತುಕೊಂಡರು. ಈಗ ಅದು ಒಲೆ ಉರಿಯುತ್ತಿರುವ ಮನೆಯಲ್ಲಷ್ಟೇ ಉಣ್ಣಬಲ್ಲುದು. ಎಂದರೆ, ಎಡೆಬಿಡದೆ ವಿಭಜನೆಗೊಳ್ಳುತ್ತಾ ಆ ಸಾಮಗ್ರಿಯನ್ನು ಹೇರಳವಾಗಿ ತಯಾರಿಸಿಕೊಳ್ಳುವ ಜೀವಕೋಶಗಳಲ್ಲಷ್ಟೇ ಬೆಳೆಯಬಲ್ಲುದು. ಕ್ಯಾನ್ಸರಿನ ಜೀವಕೋಶಗಳು ಅಂತಹವು. ವಿಶ್ರಾಂತಿಯಲ್ಲಿರುವ ಸಾಮಾನ್ಯ ಜೀವಕೋಶಗಳ ಮನೆಯಲ್ಲಿ ಒಲೆ ತಣ್ಣಗಿರುತ್ತದೆ. ಆದರೆ ಕರುಳಿನ ಒಳಪದರವೂ ಮೂಳೆಯೊಳಗಿನ ಮಜ್ಜೆಯೂ ಸಹಜವಾಗಿಯೇ ವೇಗದಿಂದ ಬೆಳೆಯುವಂತಹವು. ಆದುದರಿಂದ ಈ ಉಪಾಯದಲ್ಲಿ ಅಪಾಯವೇ ಇಲ್ಲವೆಂದು ಯಾರೂ ಹೇಳಲಾರರು.

ವೈರಸ್ಸೊಂದೇ ಗಡ್ಡೆಯನ್ನೆಲ್ಲಾ ಮುಗಿಸಲಾರದು. ಶರೀರದ ರಕ್ಷಣಾಶಕ್ತಿ ಅದನ್ನು ಶತ್ರುವೆಂದೇ ತಿಳಿದು ಬೇಗನೆ ಅಳಿಸಿಹಾಕುತ್ತದೆ. ಆದುದರಿಂದಲೇ ಎರಡನೆಯ ಉಪಾಯವನ್ನು ಅದರೊಡನೆ ಜೋಡಿಸಲಾಯಿತು. ಇದರ ಕಥೆ ಸ್ವಾರಸ್ಯಕರವಾಗಿದೆ. 1957ರಲ್ಲಿ ಅಮೆರಿಕದ ಚಾರ್ಲ್ಸ್ ಹೈಡೆಲ್‌ಬರ್ಗರ್ ಮತ್ತು ಅವರ ಸಂಗಡಿಗರು ಫ್ಲೋರೋಯುರಾಸಿಲ್ ಎಂಬ ಔಷಧವನ್ನು ಲೋಕಕ್ಕೆ ತಿಳಿಸಿದರು. ಅರುವತ್ತು ವರ್ಷಗಳಿಗೂ ಮಿಗಿಲಾಗಿ ಕರುಳಿನ ಕ್ಯಾನ್ಸರ್ ಚಿಕಿತ್ಸೆಯ ಬೆನ್ನೆಲುಬಾಗಿರುವುದು ಇದೇ ಔಷಧ. ಇದು ಕ್ಯಾನ್ಸರನ್ನು ಕೊಲ್ಲುತ್ತದೆ. ಆದರೆ ದೇಹವಿಡೀ ಹರಿದು ಬಾಯಿ ಹುಣ್ಣು, ಭೇದಿ, ರಕ್ತಕಣಗಳ ಕೊರತೆಗಳನ್ನೂ ತರುತ್ತದೆ. ಅದೇ ಕಾಲದಲ್ಲಿ ಅದರ ಸೋದರನಂತಿರುವ ಫ್ಲೂಸೈಟೋಸಿನ್ ಎಂಬ ವಸ್ತುವನ್ನೂ ಕ್ಯಾನ್ಸರಿಗೆಂದೇ ತಯಾರಿಸಿದರು. ಅದು ಕ್ಯಾನ್ಸರಿಗೆ ನಿರುಪಯುಕ್ತವಾಯಿತು. ಅದನ್ನು ಫ್ಲೋರೋಯುರಾಸಿಲ್ ಆಗಿ ಬದಲಿಸುವ ಕಿಣ್ವವು ಮನುಷ್ಯನ ಜೀವಕೋಶಗಳಲ್ಲಿ ಇಲ್ಲದಿರುವುದೇ ಅದಕ್ಕೆ ಕಾರಣ. ಆದರೆ ಆ ಕಿಣ್ವವು ಶಿಲೀಂಧ್ರಗಳಲ್ಲಿ ಇದೆ. ಆದುದರಿಂದ ಕ್ಯಾನ್ಸರಿನಲ್ಲಿ ಸೋತ ಆ ವಸ್ತು ಶಿಲೀಂಧ್ರದ ಸೋಂಕಿಗೆ ಮದ್ದಾಗಿ ಇಂದಿಗೂ ಬಳಕೆಯಲ್ಲಿದೆ.

ಅದೇ ಸೋಲನ್ನು ವಿಜ್ಞಾನಿಗಳು ಅನುಕೂಲವಾಗಿ ಮಾಡಿಕೊಂಡರು. ಹುದುಗು ತರಿಸುವ ಯೀಸ್ಟಿನಿಂದ ಆ ಕಿಣ್ವದ ವಂಶವಾಹಿಯನ್ನೂ, ಔಷಧವನ್ನು ಇನ್ನಷ್ಟು ಹರಿತಗೊಳಿಸುವ ಮತ್ತೊಂದನ್ನೂ ತೆಗೆದು, ಒಂದಾಗಿ ಹೆಣೆದು, ವ್ಯಾಕ್ಸಿನಿಯಾದೊಳಗೆ ಇರಿಸಿದರು. ವೈರಸ್ಸು ಗಡ್ಡೆಯನ್ನು ಹೊಕ್ಕು ಬೆಳೆದಂತೆ ಆ ಕಿಣ್ವವೂ ಅಲ್ಲೇ ಉತ್ಪತ್ತಿಯಾಗುತ್ತದೆ. ಕೆಲವು ದಿನಗಳ ನಂತರ ರೋಗಿ ಫ್ಲೂಸೈಟೋಸಿನನ್ನು ಬಾಯಿಯ ಮೂಲಕ ಸೇವಿಸುತ್ತಾನೆ. ಗಡ್ಡೆಯ ಒಳಗೆ ಅದು ಫ್ಲೋರೋಯುರಾಸಿಲ್ ಆಗಿ ಮಾರ್ಪಟ್ಟು, ಸೋಂಕು ತಗುಲಿದ ಜೀವಕೋಶವನ್ನಲ್ಲದೆ ಸೋಂಕು ತಗುಲದ ಅಕ್ಕಪಕ್ಕದ ಕ್ಯಾನ್ಸರ್ ಕೋಶಗಳನ್ನೂ ಕೊಲ್ಲುತ್ತದೆ. ಹೀಗೆ ತಾನಾಗಿ ನಿರಪಾಯಕಾರಿಯಾಗಿದ್ದು, ಸರಿಯಾದ ಎಡೆಯಲ್ಲಿ ಮಾತ್ರ ಔಷಧವಾಗುವ ವಸ್ತುವನ್ನು ‘ಪ್ರೋಡ್ರಗ್’ ಎನ್ನುತ್ತಾರೆ; ನಾವು ಪೂರ್ವೌಷಧ ಎನ್ನೋಣ. ಗುರುಮಠದಲ್ಲಿ ತತ್ತ್ವಶಾಸ್ತ್ರ ಕಲಿಯುತ್ತಿದ್ದಾಗ ಅರಿಸ್ಟಾಟಲನ ‘ಶಕ್ಯತೆ’ ಮತ್ತು ‘ವಾಸ್ತವತೆ’ಗಳನ್ನು ಅರ್ಥಮಾಡಿಕೊಳ್ಳಲು ನಾವು ಬೀಜ ಮತ್ತು ಮರದ ಉದಾಹರಣೆಯನ್ನು ಉರುಹೊಡೆಯುತ್ತಿದ್ದೆವು. ಇಂದಾಗಿದ್ದರೆ ನಮ್ಮ ಗುರುಗಳು ಈ ಮಾತ್ರೆಯನ್ನೇ ಉದಾಹರಿಸುತ್ತಿದ್ದರೇನೋ!

ಇಷ್ಟನ್ನು ಕೇಳಿದವರಿಗೆ, ಹಾಗಾದರೆ ಇನ್ನೇತಕ್ಕೆ ತಡ ಎನ್ನಿಸುತ್ತದೆ. ಆದರೆ ಇಲಿಯಿಂದ ಮನುಷ್ಯನವರೆಗಿನ ದಾರಿ ಬಹಳ ದೂರ. ಮನುಷ್ಯನ ಕರುಳಿನ ಗಡ್ಡೆಯನ್ನು ಇಲಿಗಳಲ್ಲಿ ಬೆಳೆಸಿ ನಡೆಸಿದ ಪ್ರಯೋಗ ಫಲ ನೀಡಿತೆಂದು ಸ್ಟ್ರಾಸ್‌ಬರ್ಗಿನವರು 2008ರಲ್ಲಿ ಪ್ರಕಟಿಸಿದರು. ಅದರ ಮುಂದಿನ ರೂಪವಾದ ಟಿಜಿ6002 ಎಂಬ ವೈರಸ್ಸನ್ನು ಮುಂದುವರಿದ ಜಠರ-ಕರುಳಿನ ಕ್ಯಾನ್ಸರ್ ರೋಗಿಗಳಿಗೆ ನೀಡಿ ನೋಡುವ ಕಾರ್ಯ ಆರಂಭವಾದದ್ದು ಹತ್ತು ವರ್ಷಗಳ ನಂತರ. ರಕ್ತನಾಳದಿಂದ ಕೊಟ್ಟ ವೈರಸ್ಸು ಕೆಲವರ ಗಡ್ಡೆಯನ್ನು ತಲುಪಿತೆಂದೂ, ಫ್ಲೋರೋಯುರಾಸಿಲ್ ಉತ್ಪತ್ತಿಯಾಯಿತೆಂದೂ 2021ರಲ್ಲಿ ವರದಿಯಾಯಿತು. ರೋಗ ಯಕೃತ್ತಿಗೆ ಹರಡಿದವರಿಗೆ ಯಕೃತ್ತಿನ ಅಪಧಮನಿಯ ಮೂಲಕವೇ ಕೊಡುವ ಮತ್ತೊಂದು ಪರೀಕ್ಷೆಯೂ ನಡೆಯಿತು. ಇವೆಲ್ಲವೂ ಪ್ರಾರಂಭದ ಹಂತದ ಪರೀಕ್ಷೆಗಳು. ವೈರಸ್ಸು ಗಡ್ಡೆಯನ್ನು ತಲುಪಿತೆಂದರೆ ರೋಗ ಗುಣವಾಯಿತೆಂದು ಅರ್ಥವಲ್ಲ. ನಾವು ಇದನ್ನು ಬರೆಯುವ ಹೊತ್ತಿಗೆ ಕರುಳಿನ ಕ್ಯಾನ್ಸರಿಗೆ ಇಂತಹ ಚಿಕಿತ್ಸೆ ಆಸ್ಪತ್ರೆಯಲ್ಲಿ ಕೇಳಿ ಪಡೆಯುವ ಮದ್ದಾಗಿಲ್ಲ.

ಇನ್ನೊಂದು ಪಾಠವನ್ನೂ ಮರೆಯಬಾರದು. ಇದೇ ಯೀಸ್ಟ್ ಕಿಣ್ವವನ್ನು ಬೇರೊಂದು ಜಾತಿಯ ವೈರಸ್ಸಿನಲ್ಲಿರಿಸಿ, ಇದೇ ಫ್ಲೂಸೈಟೋಸಿನನ್ನು ಕೊಟ್ಟು, ಮರುಕಳಿಸಿದ ಮಿದುಳಿನ ಕ್ಯಾನ್ಸರ್ ಇದ್ದವರಲ್ಲಿ ಪ್ರಯತ್ನಿಸಿದರು. ಅದರ ಹೆಸರು ಟೋಕಾ 511. ಮೊದಲ ಹಂತದಲ್ಲಿ ಕೆಲವೇ ಮಂದಿ ರೋಗಿಗಳಲ್ಲಿ ಗಡ್ಡೆ ಮಾಯವಾಗಿ ಬಹುಕಾಲ ಮರಳಲಿಲ್ಲ. ಎಲ್ಲೆಡೆ ಭರವಸೆ ಉಕ್ಕಿತು. ಬಳಿಕ 403 ರೋಗಿಗಳನ್ನು ಎರಡು ಗುಂಪಾಗಿ ವಿಂಗಡಿಸಿ ತುಲನೆ ಮಾಡಿದಾಗ, 2019ರಲ್ಲಿ ಬಂದ ಫಲಿತಾಂಶ ನಿರಾಶೆಯದು. ಹೊಸ ಚಿಕಿತ್ಸೆ ಪಡೆದ ಗುಂಪಿನ ಮಧ್ಯಮ ಬದುಕು 11.1 ತಿಂಗಳು, ಹಳೆಯ ಚಿಕಿತ್ಸೆಯ ಗುಂಪಿನದು 12.2 ತಿಂಗಳು. ಕೆಲವರ ಚೇತರಿಕೆ ಸುಳ್ಳಾಗಿರಲಿಲ್ಲ. ಆದರೆ ಕೆಲವರ ಚೇತರಿಕೆಯಿಂದ ಎಲ್ಲರಿಗೂ ಭರವಸೆ ಕೊಡಲಾಗದೆಂದು ಲೆಕ್ಕ ತೋರಿಸಿಕೊಟ್ಟಿತು.

ನಮ್ಮ ಭಕ್ತಾದಿಗಳಲ್ಲಿ ಕೆಲವರು ಬೇರೆಯೇ ಬಗೆಯ ಶಂಕೆಯನ್ನು ಮುಂದಿಡುತ್ತಾರೆ. ವಂಶವಾಹಿಯನ್ನು ಮುಟ್ಟುವುದು ಸೃಷ್ಟಿಕರ್ತನ ಕಾರ್ಯದಲ್ಲಿ ಕೈಹಾಕಿದಂತಲ್ಲವೇ? ಈ ವಂಶವಾಹಿಗೆ ವಿಜ್ಞಾನಿಗಳೇ ‘ಆತ್ಮಹತ್ಯೆಯ ವಂಶವಾಹಿ’ ಎಂದು ಹೆಸರಿಟ್ಟಿದ್ದಾರಂತೆ, ಅದು ಸರಿಯೇ? ಹೆಸರು ಕಿವಿಗೆ ಕಠೋರ, ನಿಜ. ಆದರೆ ಇಲ್ಲಿ ತನ್ನ ನಾಶಕ್ಕೆ ತಾನೇ ಕಾರಣವಾಗುವುದು ರೋಗಗ್ರಸ್ತ ಜೀವಕೋಶವೇ ಹೊರತು ಮನುಷ್ಯನಲ್ಲ. ಕೊಳೆತ ಬೆರಳನ್ನು ಕತ್ತರಿಸಿ ಪ್ರಾಣ ಉಳಿಸುವ ವೈದ್ಯನ ಕಾರ್ಯಕ್ಕೂ ಇದಕ್ಕೂ ನೈತಿಕವಾಗಿ ಭೇದವಿಲ್ಲ. ರೋಗಿಯ ದೇಹದ ಜೀವಕೋಶಗಳಿಗಷ್ಟೇ ಸೀಮಿತವಾಗಿ, ಸಂತಾನಕ್ಕೆ ಹರಿಯದಂತೆ ಮಾಡುವ ವಂಶವಾಹಿ ಚಿಕಿತ್ಸೆಯು ತತ್ತ್ವತಃ ಸಮ್ಮತವೆಂದು ಧರ್ಮಸಭೆಯು 2008ರ ‘ದಿಗ್ನಿತಾಸ್ ಪೆರ್ಸೋನೆ’ ಎಂಬ ಬೋಧನಾಪತ್ರದಲ್ಲಿ ಸ್ಪಷ್ಟವಾಗಿ ಹೇಳಿದೆ. ರೋಗಿಗೆ ಮಿತಿಮೀರಿದ ಅಪಾಯ ಒದಗಬಾರದೆಂದೂ, ತಿಳಿದು ನೀಡಿದ ಒಪ್ಪಿಗೆ ಇರಬೇಕೆಂದೂ ಅದೇ ಪತ್ರ ವಿಧಿಸಿದೆ.

ಈ ಒಪ್ಪಿಗೆ ಎಂಬ ಪದದಲ್ಲಿಯೇ ನಮ್ಮ ವಿಚಾರದ ತಿರುಳಿದೆ. ಯುವಕನು ಜಮೀನು ಮಾರಿಯಾದರೂ ಚಿಕಿತ್ಸೆ ಕೊಡಿಸುತ್ತೇನೆ ಎಂದಾಗ, ಪರೀಕ್ಷೆಯನ್ನು ಕೊಳ್ಳುವ ಸರಕೆಂದು ತಿಳಿದಿದ್ದನು. ಮೊದಲ ಹಂತದ ಪರೀಕ್ಷೆಯ ಮುಖ್ಯ ಉದ್ದೇಶ ರೋಗ ಗುಣಪಡಿಸುವುದಲ್ಲ; ಎಷ್ಟು ಪ್ರಮಾಣದವರೆಗೆ ಕೊಟ್ಟರೆ ಮನುಷ್ಯದೇಹ ತಾಳುತ್ತದೆ ಎಂಬುದನ್ನು ತಿಳಿಯುವುದು. ಅದರಲ್ಲಿ ಸೇರುವ ರೋಗಿಗೆ ಲಾಭವಾಗಬಹುದು, ಆಗದೆಯೂ ಇರಬಹುದು. ಆತ ಮುಂದೆ ಬರಲಿರುವ, ತಾನೆಂದೂ ಕಾಣದ ರೋಗಿಗಳಿಗಾಗಿ ತನ್ನ ದೇಹವನ್ನು ಒಡ್ಡುತ್ತಾನೆ. ಎಂದ ಮೇಲೆ ಆತ ಗಿರಾಕಿಯಲ್ಲ, ದಾನಿ. ದಾನವೆನ್ನಿಸಿಕೊಳ್ಳಬೇಕಾದರೆ ಕೊಡುವವನಿಗೆ ತಾನು ಏನನ್ನು ಕೊಡುತ್ತಿದ್ದೇನೆಂಬುದು ತಿಳಿದಿರಬೇಕು. ತಿಳಿಯದವನಿಂದ ಪಡೆದುದು ಎಷ್ಟು ಒಳ್ಳೆಯ ಉದ್ದೇಶಕ್ಕಾದರೂ ಕಸಿದುಕೊಂಡದ್ದೇ ಸರಿ.

1999ರ ಸೆಪ್ಟೆಂಬರಿನಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ ಜೆಸ್ಸಿ ಗೆಲ್ಸಿಂಗರ್ ಎಂಬ 18 ವರ್ಷದ ಹುಡುಗ ಮೃತಪಟ್ಟನು. ಅವನಿಗಿದ್ದುದು ಕ್ಯಾನ್ಸರಲ್ಲ, ಹುಟ್ಟಿನಿಂದ ಬಂದ ಯಕೃತ್ತಿನ ಒಂದು ಕೊರತೆ. ಪಥ್ಯ ಮತ್ತು ಮಾತ್ರೆಗಳಿಂದ ಅದು ಹತೋಟಿಯಲ್ಲಿತ್ತು. ಈ ಪರೀಕ್ಷೆಯಿಂದ ತನಗೆ ಪ್ರಯೋಜನವಿಲ್ಲ, ಅದೇ ಕೊರತೆಯೊಡನೆ ಹುಟ್ಟುವ ಹಸುಗೂಸುಗಳಿಗೆ ಮುಂದೆ ಪ್ರಯೋಜನವಾದೀತು ಎಂದು ತಿಳಿದೇ ಅವನು ಮುಂದೆ ಬಂದಿದ್ದನು. ವಂಶವಾಹಿಯನ್ನು ಹೊತ್ತ ಅಡೆನೋವೈರಸ್ಸನ್ನು ಯಕೃತ್ತಿನ ರಕ್ತನಾಳಕ್ಕೆ ಕೊಟ್ಟ ನಾಲ್ಕನೆಯ ದಿನ ಅವನ ದೇಹ ಅದರ ಆಘಾತಕ್ಕೆ ಕುಸಿಯಿತು. ಪ್ರಯೋಗದ ಕೋತಿಗಳು ಸತ್ತುದನ್ನೂ, ಅವನಿಗಿಂತ ಮೊದಲಿನ ಕೆಲವರಿಗಾದ ತೊಂದರೆಗಳನ್ನೂ ಅವನಿಗೆ ಸರಿಯಾಗಿ ತಿಳಿಸಿರಲಿಲ್ಲವೆಂದು ಅನಂತರದ ತನಿಖೆಯಲ್ಲಿ ಹೊರಬಂದಿತು. ಆ ಹುಡುಗನ ಔದಾರ್ಯ ಪೂರ್ಣವಾಗಿತ್ತು, ಅವನಿಗೆ ಸಂದ ಸತ್ಯ ಅಪೂರ್ಣವಾಗಿತ್ತು.

ಜಗದ್ಗುರು ಹನ್ನೆರಡನೆಯ ಪಿಯುಸ್ ಅವರು 1952ರಲ್ಲೇ ವೈದ್ಯ ವಿಜ್ಞಾನಿಗಳ ಸಭೆಯೊಂದರಲ್ಲಿ ಮಾತನಾಡುತ್ತಾ, ರೋಗಿಯ ಮೇಲೆ ವೈದ್ಯನಿಗಿರುವ ಅಧಿಕಾರವೆಲ್ಲಾ ರೋಗಿಯೇ ಕೊಟ್ಟದ್ದು, ವಿಜ್ಞಾನದ ಹಿತಕ್ಕಾಗಲಿ ಸಮಾಜದ ಹಿತಕ್ಕಾಗಲಿ ಅದನ್ನು ಮೀರುವ ಹಕ್ಕಿಲ್ಲ ಎಂಬ ಅರ್ಥದ ಮಾತನ್ನು ಹೇಳಿದ್ದರು. ನಾವು ಇದನ್ನು ಸಾಮಾನ್ಯವಾಗಿ ವೈದ್ಯರಿಗೆ ಹೇಳಿದ ಬುದ್ಧಿಮಾತೆಂದು ಓದಿ ಸುಮ್ಮನಾಗುತ್ತೇವೆ. ಅದು ಮನೆಯವರಿಗೂ ಸಲ್ಲುವ ಮಾತಲ್ಲವೇ? ವೈದ್ಯರು ಮಗನನ್ನು ಪಕ್ಕಕ್ಕೆ ಕರೆದು ಹೇಳುತ್ತಾರೆ. ಮಗ ತಾಯಿಗೆ ಅರ್ಧ ಹೇಳುತ್ತಾನೆ. ರೋಗಿಗೆ ‘ಹುಣ್ಣು’ ಎನ್ನುತ್ತಾರೆ. ಯಾರ ದೇಹವೋ ಆತನೊಬ್ಬನನ್ನು ಬಿಟ್ಟು ಊರಿಗೆಲ್ಲಾ ವಿಷಯ ಗೊತ್ತಿರುತ್ತದೆ! ಹೊಲಗದ್ದೆಯ ವ್ಯವಹಾರದಲ್ಲಿ ಅಪ್ಪನ ಸಹಿಯಿಲ್ಲದೆ ಒಂದು ಹೆಜ್ಜೆ ಇಡದ ಮನೆಯವರು, ಅಪ್ಪನ ಪ್ರಾಣದ ವಿಷಯದಲ್ಲಿ ಆತನನ್ನು ಕೇಳುವುದೇ ಇಲ್ಲ.

ಇದರ ಹಿಂದಿರುವುದು ಕಪಟವಲ್ಲ, ಪ್ರೀತಿ. ಅದನ್ನು ನಾವು ಬಲ್ಲೆವು. “ತಿಳಿದರೆ ಎದೆಗುಂದುತ್ತಾರೆ, ಇರುವ ನಾಲ್ಕು ದಿನವೂ ಕಣ್ಣೀರಿನಲ್ಲಿ ಕಳೆಯುತ್ತಾರೆ” ಎಂಬ ಮಾತಿನಲ್ಲಿ ಹುರುಳಿಲ್ಲವೆಂದು ಹೇಳಲಾರೆವು. ಕೆಲವರು ನಿಜವಾಗಿಯೂ ಕೇಳಲು ಬಯಸುವುದಿಲ್ಲ. “ನನಗೇನೂ ಹೇಳಬೇಡಿ, ಮಗನಿಗೆ ಹೇಳಿ” ಎನ್ನುವ ಹಿರಿಯರ ಇಚ್ಛೆಯನ್ನೂ ಗೌರವಿಸಬೇಕು. ಆದರೆ ಅದು ಅವರ ಬಾಯಿಂದಲೇ ಬರಬೇಕಾದ ಮಾತು, ನಾವು ಅವರ ಪರವಾಗಿ ಊಹಿಸಿಕೊಳ್ಳುವಂತಹದಲ್ಲ. ಮೂವತ್ತು ವರ್ಷಗಳ ಸೇವೆಯಲ್ಲಿ ನಾವು ರೋಗಿಗಳ ಅಭ್ಯಂಗಕ್ಕೆಂದು ಹೋದ ಅನೇಕ ಮನೆಗಳಲ್ಲಿ ಕಂಡದ್ದಿಷ್ಟು: ರೋಗಿಗೆ ಏನೂ ಗೊತ್ತಿಲ್ಲವೆಂದು ಮನೆಯವರು ನಂಬಿರುತ್ತಾರೆ; ಮನೆಯವರು ನೊಂದಾರೆಂದು ರೋಗಿ ಗೊತ್ತಿಲ್ಲದಂತೆ ನಟಿಸುತ್ತಿರುತ್ತಾನೆ. ಒಂದೇ ಕೋಣೆಯಲ್ಲಿ ಇಬ್ಬರೂ ಒಂಟಿ. ಸತ್ಯಕ್ಕಿಂತ ಆ ಒಂಟಿತನವೇ ಹೆಚ್ಚು ಕ್ರೂರವಾದದ್ದು.

ಸತ್ಯವನ್ನು ಹೇಳುವುದೆಂದರೆ ತಲೆಯ ಮೇಲೆ ಕಲ್ಲು ಹಾಕಿದಂತೆ ಹೇಳುವುದಲ್ಲ. ಎಷ್ಟು ತಿಳಿದಿದೆ, ಇನ್ನೆಷ್ಟು ತಿಳಿಯಬಯಸುತ್ತೀರಿ ಎಂದು ಮೊದಲು ಕೇಳುವುದು. ಕೇಳಿದಷ್ಟನ್ನು ಸುಳ್ಳಿಲ್ಲದೆ ಹೇಳುವುದು. ಹೇಳಿದ ಮೇಲೆ ಎದ್ದು ಹೋಗದೆ ಅವರ ಬಳಿ ಕುಳಿತಿರುವುದು. ಭರವಸೆಯನ್ನೂ ಅದರ ನಿಜವಾದ ಅಳತೆಯಲ್ಲಿ ಹೇಳಬೇಕು. ವೈರಸ್ಸಿನ ಸುದ್ದಿಯನ್ನು ಪವಾಡವೆಂದು ಸಾರುವುದೂ ಸುಳ್ಳೇ, ಅದೆಲ್ಲಾ ಬೊಗಳೆಯೆಂದು ತಳ್ಳಿಹಾಕುವುದೂ ಸುಳ್ಳೇ.

ಇಂತಹ ಪರೀಕ್ಷೆಯ ಬಗ್ಗೆ ಯಾರಾದರೂ ಪ್ರಸ್ತಾಪಿಸಿದರೆ ವಾಚಕರು ಈ ಕೆಲವು ಪ್ರಶ್ನೆಗಳನ್ನು ಕೇಳಲಿ: ಇದು ಯಾವ ಹಂತದ ಪರೀಕ್ಷೆ? ಸರ್ಕಾರದ ವೈದ್ಯಕೀಯ ಪರೀಕ್ಷೆಗಳ ದಾಖಲೆಯಲ್ಲಿ ನೋಂದಣಿಯಾಗಿದೆಯೇ? ನೈತಿಕ ಸಮಿತಿ ಒಪ್ಪಿದೆಯೇ? ಇದುವರೆಗೆ ಸೇರಿದವರಿಗೆ ಏನಾಯಿತು? ನಡುವೆ ಬೇಡವೆನಿಸಿದರೆ ಹೊರಬರಬಹುದೇ? ನಮ್ಮ ದೇಶದ 2019ರ ನಿಯಮಗಳಂತೆ ಪರೀಕ್ಷೆಯಿಂದ ಹಾನಿಯಾದರೆ ಉಚಿತ ಚಿಕಿತ್ಸೆಗೂ ಪರಿಹಾರಕ್ಕೂ ರೋಗಿ ಹಕ್ಕುದಾರ. ಪರೀಕ್ಷೆಯ ಹೆಸರಿನಲ್ಲಿ ಲಕ್ಷಾಂತರ ಹಣ ಕೇಳುವವರನ್ನು ಕಂಡರೆ ದೂರವಿರುವುದು ಲೇಸು. ಹೊಸದರ ಆಸೆಯಿಂದ ಶಸ್ತ್ರಚಿಕಿತ್ಸೆಯನ್ನಾಗಲಿ ಈಗ ನಡೆಯುತ್ತಿರುವ ಔಷಧವನ್ನಾಗಲಿ ನಿಲ್ಲಿಸಬಾರದು. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿಯೆಂದು ತಾವೇ ನಿರ್ಧರಿಸಿ ತಿಂಗಳುಗಟ್ಟಲೆ ಕಾಯಬೇಡಿ. ಕರುಳಿನ ಕ್ಯಾನ್ಸರ್ ಬಹುಮಟ್ಟಿಗೆ ಸಣ್ಣ ಗಂಟಾಗಿ ಹುಟ್ಟಿ ವರ್ಷಗಳ ಕಾಲ ಸದ್ದಿಲ್ಲದೆ ಬೆಳೆಯುತ್ತದೆ. ಆ ಗಂಟನ್ನು ಮೊದಲೇ ತೆಗೆದುಹಾಕುವುದಕ್ಕಿಂತ ಉತ್ತಮವಾದ ಚಿಕಿತ್ಸೆ ಇನ್ನೂ ಬಂದಿಲ್ಲ.

ಆ ಯುವಕನಿಗೆ ನಾವು ಇದನ್ನೆಲ್ಲಾ ಹೇಳಿದೆವು. ಜಮೀನು ಮಾರುವ ಮಾತು ನಿಂತಿತು. ಎರಡು ವಾರ ಬಿಟ್ಟು ಆತನೇ ನಮ್ಮನ್ನು ಮನೆಗೆ ಕರೆದನು. ತಾಯಿ, ಮಗ, ನಾವು ತಂದೆಯ ಮಂಚದ ಸುತ್ತ ಕುಳಿತೆವು. ಮಗ ತಡವರಿಸುತ್ತಾ ಹೇಳಿದನು. ಹಿರಿಯರು ಬಹಳ ಹೊತ್ತು ಮಾಡಿನತ್ತ ನೋಡುತ್ತಿದ್ದರು. ಅನಂತರ ಅವರು ಕೇಳಿದ ಮೊದಲ ಪ್ರಶ್ನೆ ಮದ್ದಿನದಲ್ಲ. “ಸಾಲ ಎಷ್ಟಾಗಿದೆ ಮಗಾ?” ಎಂದರು. ಎರಡನೆಯದು, ಹನ್ನೊಂದು ವರ್ಷಗಳಿಂದ ಮಾತುಬಿಟ್ಟಿರುವ ತಮ್ಮನಿಗೆ ಹೇಳಿಕಳುಹಿಸಲು ಸಾಧ್ಯವೇ ಎಂದು. ವೈರಸ್ಸಿನ ಸುದ್ದಿಯನ್ನೂ ಪೂರ್ತಿಯಾಗಿ ಕೇಳಿಸಿಕೊಂಡು, “ನನಗೆ ಆಗದಿದ್ದರೂ ಪರವಾಗಿಲ್ಲ, ಬೇರೆಯವರಿಗಾದರೂ ಆಗಲಿ. ಇಲ್ಲಿ ಯಾರಾದರೂ ಕೇಳಿದರೆ ನನ್ನ ಹೆಸರು ಹೇಳಿ” ಎಂದರು. ಹಳೆಯ ಚಿಕಿತ್ಸೆಯನ್ನು ಮುಂದುವರಿಸಿದ್ದಾರೆ. ತಮ್ಮ ಕಳೆದ ಗುರುವಾರ ಬಂದು ಹೋದರಂತೆ.

ವಾಚಕರ ಮನೆಗಳಲ್ಲಿಯೂ ಹೀಗೆ ಮುಚ್ಚಿಟ್ಟ ಮಾತು ಇದ್ದರೆ, ಅವಸರಪಡದೆ, ಆದರೆ ತಡವನ್ನೂ ಮಾಡದೆ, ಅದನ್ನು ರೋಗಿಯೊಡನೆ ಹಂಚಿಕೊಳ್ಳಿರೆಂದು ನಮ್ಮ ವಿನಂತಿ. ಹೇಗೆ ಹೇಳಬೇಕೆಂದು ತೋಚದಿದ್ದರೆ ನಿಮ್ಮ ವೈದ್ಯರನ್ನು ಕೇಳಿ. ಜೊತೆಗೆ ಕುಳಿತುಕೊಳ್ಳಲು ಒಬ್ಬರು ಬೇಕೆನಿಸಿದರೆ ನಿಮ್ಮ ಧರ್ಮಗುರುಗಳ ಬಾಗಿಲು ತೆರೆದೇ ಇರುತ್ತದೆ.